ಬಾಕಿ ಮೊದಲು, ಭಾಡೆ ಆಮೇಲೆ

ಹೋದ ಭಾನುವಾರ ಭಾವನ ಜೊತೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬೈ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿದ್ದೆ. ಭಾವ ಮೂವತ್ತು ವರ್ಷ ಬೋರ್ಡ್ ಬರೆದವರು. ಮಾಟುಂಗಾದ ಹೋಟೆಲುಗಳ ತಿಂಡಿ ಪಟ್ಟಿ, ಡಾಕ್ಟರುಗಳ ಹೆಸರು, ಎಲ್ಲ ಕೈಬರಹ. ಫ್ಲೆಕ್ಸ್ ಬಂತು, ಕುಂಚ ಅಟ್ಟ ಸೇರಿತು.

ಅಲ್ಲಿ ಗೋಡೆ ತುಂಬುವಷ್ಟು ದೊಡ್ಡ ಚಿತ್ರ ಒಂದಿತ್ತು. ಆಯಿಲ್ ಪೇಂಟ್. ಮನುಷ್ಯ ಇಲ್ಲ, ಮರ ಇಲ್ಲ, ಬರೀ ಬೂದಿ ಬಣ್ಣ, ಕಾವಿ, ನಡುವೆ ಮರಾಠಿ ಅಕ್ಷರಗಳು. ಹೆಸರೂ ಇಟ್ಟಿರಲಿಲ್ಲ. ನಾನು ಏನು ಮಾಡಿದೆ? ಓದಿದೆ! ಅಕ್ಷರ ಕಂಡರೆ ಕಣ್ಣು ಸುಮ್ನೆ ಇರಲ್ಲ, ಅಲ್ವಾ. ‘ಭಾಡೆ ಬಾಕಿ’ ಅಂತ ಕಂಡಿತು. ಬಾಡಿಗೆ ಬಾಕಿ. ತಕ್ಷಣ ತಲೆಯೊಳಗೆ ಸಾಲು ಬಾಡಿಗೆ ಕೋಣೆಗಳ ಒಂದು ಚಾಳು, ಮುಚ್ಚಿದ ಗಿರಣಿ, ಬಾಗಿಲಲ್ಲಿ ನಿಂತ ಮಾಲೀಕ, ಇಡೀ ಕಥೆ ರೆಡಿ. ಭಾವನಿಗೆ ಜೋರಾಗಿ ವಿವರಿಸಿದೆ ಬೇರೆ.

ಅವರು ಕೇಳಿಸಿಕೊಳ್ಳಲೇ ಇಲ್ಲ. ಪಕ್ಕಕ್ಕೆ ಹೋಗಿ, ಕ್ಯಾನ್ವಾಸಿಗೆ ಕೆನ್ನೆ ತಾಗುತ್ತದೇನೋ ಅನ್ನುವಷ್ಟು ಬಗ್ಗಿ, ಓರೆಯಾಗಿ ನೋಡಿದರು. "ಬಾಕಿ ಅನ್ನೋದನ್ನ ಹಸಿ ಬಣ್ಣದಲ್ಲಿ ಗೀರಿದ್ದಾರೆ, ಕುಂಚದ ಹಿಂದಿನ ತುದಿಯಲ್ಲಿ. ಎರಡೂ ಕಡೆ ಬಣ್ಣ ಏರಿ ನಿಂತಿದೆ ನೋಡು, ಒಳಗೆ ಕೆಳಗಿನ ಕಾವಿ ಕಾಣ್ತದೆ. ಭಾಡೆ ಹಾಗಲ್ಲ, ಒಣಗಿದ ಮೇಲೆ ಬರೆದದ್ದು. ಉಬ್ಬುತಗ್ಗಿನ ಮೇಲೆ ಹತ್ತಿ ಇಳಿದಿದೆ."

ಆಯಿಲ್ ಪೇಂಟ್ ತೆಳ್ಳಗಿದ್ದರೂ ಮುಟ್ಟುವಷ್ಟು ಒಣಗಲು ಕೆಲವು ದಿನ ಬೇಕು, ದಪ್ಪಗಿದ್ದರೆ ವಾರಗಟ್ಟಲೆ. ಅಂದರೆ ನಾನು ಒಂದೇ ಉಸಿರಿನಲ್ಲಿ ಓದಿದ ಎರಡು ಪದಗಳ ನಡುವೆ ಎಷ್ಟೋ ದಿನ ಕಳೆದಿವೆ. ಮೊದಲು ಬರೀ ‘ಬಾಕಿ’ ಇತ್ತು. ಏನು ಬಾಕಿ? ಸಾಲವೋ, ಮಾತೋ, ಚಿತ್ರವೇ ಇನ್ನೂ ಬಾಕಿಯೋ? ಬಾಡಿಗೆ ಆಮೇಲೆ ಬಂದು ಪಕ್ಕದಲ್ಲಿ ಕೂತಿದೆ. ನನ್ನ ಚಾಳು ಅಲ್ಲೇ ಕುಸಿಯಿತು.

ಚಿತ್ರಕಾರ ಕೆ.ಸಿ.ಎಸ್. ಪಣಿಕರ್ ನೆನಪಾದರು. 1963ರ ನಂತರದ ‘ವರ್ಡ್ಸ್ ಅಂಡ್ ಸಿಂಬಲ್ಸ್’ ಚಿತ್ರಗಳಲ್ಲಿ ಅವರು ಸಾಲುಸಾಲಾಗಿ ಮಲಯಾಳದಂಥ ಅಕ್ಷರ ತುಂಬಿದರು, ಆದರೆ ಮಲಯಾಳಿಗಳಿಗೂ ಅದು ಓದಲು ಸಿಗುವುದಿಲ್ಲ. ನನ್ನಂಥವರ ಕಾಟ ತಪ್ಪಿಸುವ ಒಳ್ಳೆ ಉಪಾಯ.

ಹೊರಡುವಾಗ ಬಲಮೂಲೆಯಲ್ಲಿ ಸಣ್ಣದೊಂದು ‘ಕ’ ಕಂಡಿತು. ಭಾವನಿಗೆ ತೋರಿಸಿದೆ. "ಅದು ಕುಂಚ ಒರೆಸಿದ್ದು ಮಾರಾಯ" ಅಂದರು. ಇರಬಹುದು. ನನಗಂತೂ ಅದು ಈಗಲೂ ‘ಕ’ನೇ.