ಕಾಲೇಜಿನ ಹೆಸರಿಗೆ ಎಷ್ಟು ತೂಕ?

ಕಾರವಾರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿರಲಿ, ಬೆಂಗಳೂರಿನ ದುಬಾರಿ ಖಾಸಗಿ ಕಾಲೇಜಿರಲಿ, ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿದ್ದರೆ ಪದವಿ ಕೊಡುವುದು ಬೆಳಗಾವಿಯ ಅದೇ ವಿಶ್ವವಿದ್ಯಾಲಯ. ಹೆಸರು ಕೆಲಸಕ್ಕೆ ಬರುವುದು ಮುಖ್ಯವಾಗಿ ಕ್ಯಾಂಪಸ್ ಸಂದರ್ಶನದಲ್ಲಿ. ದೊಡ್ಡ ಕಂಪನಿಗಳು ಎಲ್ಲ ಊರಿಗೂ ಘಟ್ಟ ಇಳಿದು ಬರುವುದಿಲ್ಲ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಯದ್ದು, ತಾಂತ್ರಿಕ ಕೋರ್ಸ್‌ಗಳನ್ನು ಪರಿಶೀಲಿಸುವ ಎನ್‌ಬಿಎ ಕೊಡುವ ಮಾನ್ಯತೆ ಒಂದೊಂದು ವಿಭಾಗದ್ದು. ಜಾಹೀರಾತಿನಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ. ನಿಮ್ಮ ವಿಭಾಗಕ್ಕೆ ಎನ್‌ಬಿಎ ಇದೆಯೇ, ಯಾವ ವರ್ಷದವರೆಗೆ ಎಂದು ಕೇಳಿ. ಪ್ಲೇಸ್‌ಮೆಂಟ್ ವಿಚಾರದಲ್ಲಿ ಅತಿ ಹೆಚ್ಚಿನ ಸಂಬಳ ಬಿಡಿ, ಅದು ಒಬ್ಬರದ್ದು. ವಿಭಾಗದ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ನಡುವಿನವರ ಸಂಬಳವೆಷ್ಟು, ಅದನ್ನು ಕೇಳಿ.

ಸಿಇಟಿ ಆಪ್ಷನ್ ಎಂಟ್ರಿಯಲ್ಲೇ, ಅಂದರೆ ಬೇಕಾದ ಕಾಲೇಜು, ವಿಭಾಗಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವಾಗಲೇ, ಹೆಚ್ಚಿನವರು ಎಡವುವುದು. ಹೆಸರಿನ ಆಸೆಗೆ ಬೇಡದ ವಿಭಾಗವನ್ನು ಮೇಲಿಟ್ಟರೆ, ರ‍್ಯಾಂಕ್ ಸಾಕಾದರೆ ಅದೇ ಸಿಗುತ್ತದೆ, ಕೆಳಗಿನ ಆಯ್ಕೆಗಳು ಹೋದವು. ಕಳೆದ ವರ್ಷದ ಕಟ್‌ಆಫ್ ಪಕ್ಕಕ್ಕಿಟ್ಟುಕೊಂಡು, ನಿಜಕ್ಕೂ ಓದಬೇಕೆನಿಸಿದ ಕ್ರಮದಲ್ಲೇ ತುಂಬಿ. ಅರಣ್ಯಶಾಸ್ತ್ರ ಬೇಕಿದ್ದವರಿಗಂತೂ ಶಿರಸಿಯಲ್ಲೇ ಕಾಲೇಜಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು; ಸುತ್ತಲಿನ ಕಾಡೇ ಪ್ರಯೋಗಾಲಯ.