ಅಡಿಕೆ ತೋಟದವರಿಗೆ ಶೆಂಗೆನ್ ವೀಸಾ

ದುಬೈಗೆ ಹೋಗಿ ಬಂದವರು ನಮ್ಮ ಕಡೆ ಮನೆಗೊಬ್ಬರು ಸಿಗುತ್ತಾರೆ. ಹಾಗಾಗಿ ವಿಸಿಟ್ ವೀಸಾ ಅಂದರೆ ಪಾಸ್‌ಪೋರ್ಟ್ ಕಾಪಿ, ಫೋಟೋ ಕೊಟ್ಟರೆ ಮುಗಿಯಿತು ಅನ್ನುವುದು ಮಂಗಳೂರಿನವರ ಲೆಕ್ಕ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಶೆಂಗೆನ್ ವೀಸಾಕ್ಕೆ ಅದು ನಡೆಯುವುದಿಲ್ಲ. ಕಾರ್ಕಳದ ಮಾವ, ಅತ್ತೆ ಜರ್ಮನಿಯಲ್ಲಿರುವ ಮಗಳ ಮನೆಗೆ ಹೊರಟಾಗ ಫೈಲ್ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಫೀ 90 ಯೂರೋ, ವೀಸಾ ಸಿಗದಿದ್ದರೂ ವಾಪಸ್ ಇಲ್ಲ. ಕನಿಷ್ಠ 30,000 ಯೂರೋ ಕವರ್ ಇರುವ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಹೊರಡುವ 6 ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಇಡಬೇಡಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ರಾತ್ರಿ ಬಸ್, ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಲೆಬಿಸಿ ಇರುವುದು ದುಡ್ಡಿನ ಕಾಗದಗಳಲ್ಲಿ. ಪಟ್ಟಿಯಲ್ಲಿ ಕೇಳುವುದು ಸ್ಯಾಲರಿ ಸ್ಲಿಪ್, ಆಫೀಸಿನ ರಜೆ ಪತ್ರ, ಐಟಿ ರಿಟರ್ನ್. ಮಾವನಿಗೆ ಸಂಬಳವೂ ಇಲ್ಲ, ರಜೆ ಕೊಡುವ ಬಾಸೂ ಇಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ರಿಟರ್ನ್ ಹಾಕಿದವರೇ ಅಲ್ಲ. ಹಳೆ ಅಡಿಕೆಗೆ ರೇಟು ಜಾಸ್ತಿ ಅಂತ ದಾಸ್ತಾನು ಇಟ್ಟು, ರೇಟು ಬಂದಾಗ ಮಾರುತ್ತಾರೆ. ಆಗ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ಬೀಳುತ್ತದೆ, ಉಳಿದ ತಿಂಗಳುಗಳಲ್ಲಿ ಗೊಬ್ಬರ, ಕೂಲಿ ಅಂತ ಬರೀ ಖರ್ಚು. ನಮ್ಮ ಅಡಿಕೆ ವ್ಯಾಪಾರ ಗೊತ್ತಿಲ್ಲದ ಅಧಿಕಾರಿಗೆ ಇದು ವೀಸಾಕ್ಕೋಸ್ಕರ ಕೈಸಾಲ ತಂದು ತುಂಬಿಸಿದ ಹಾಗೆ ಕಾಣುತ್ತದೆ, ಅಲ್ವಾ? ಇಷ್ಟು ಸಾಲದು ಅಂತ ಒಬ್ಬ ಏಜೆಂಟ್, "ಇನ್ನೂ ಮೂರು ಲಕ್ಷ ತಂದು ಹಾಕಿ, ಆಮೇಲೆ ತೆಗೆಯಿರಿ" ಅಂದ. ಇಂಥವರ ಮಾತು ಕೇಳಲೇಬೇಡಿ.

ನಾವು ಮಾಡಿದ್ದು ಇಷ್ಟೇ. ಕವರಿಂಗ್ ಲೆಟರಿನಲ್ಲಿ ಅಡಿಕೆ ಕೊಯ್ಲು ಯಾವಾಗ, ಮಾರುವುದು ಯಾವಾಗ ಅಂತ ನಾಲ್ಕು ಸಾಲು ಬರೆದು, ಖಾತೆಗೆ ಬಂದ ಪ್ರತಿ ದೊಡ್ಡ ಮೊತ್ತಕ್ಕೂ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಬಿಲ್ ಜೋಡಿಸಿ, ಜಮೀನಿನ ಪಹಣಿ ಅಂದರೆ ಆರ್‌ಟಿಸಿಯ ಇಂಗ್ಲಿಷ್ ಅನುವಾದ, ಸೊಸೈಟಿಯ ಡಿಪಾಸಿಟ್ ಸರ್ಟಿಫಿಕೇಟ್ ಸೇರಿಸಿದೆವು. ಖರ್ಚು ತನ್ನದು ಅಂತ ಮಗಳು ಅಲ್ಲಿನ ಸರ್ಕಾರಿ ಕಚೇರಿಯಲ್ಲೇ ಮುಚ್ಚಳಿಕೆ ಬರೆದುಕೊಟ್ಟು ಅಸಲು ಪ್ರತಿ ಕಳಿಸಿದಳು. ಮನೆಯಲ್ಲೇ ಟೈಪ್ ಮಾಡಿದ ಆಮಂತ್ರಣ ಪತ್ರಕ್ಕಿಂತ ಇದರ ತೂಕ ಜಾಸ್ತಿ.

ವಾಪಸ್ ಬರುತ್ತೀರಿ ಅನ್ನುವುದಕ್ಕೆ ಏನು ಆಧಾರ ಅನ್ನುವ ಪ್ರಶ್ನೆಗೆ ಉತ್ತರ ಮಾವನೇ ಕೊಟ್ಟರು. "ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡದಿದ್ದರೆ ತೋಟದ ಕಥೆ ಮುಗೀತು ಮಾರಾಯ, ಅದನ್ನೂ ಬರಿ." ಬರೆದೆ. ವಾಪಸ್ ಟಿಕೆಟ್ ಬುಕಿಂಗ್ ಮೇ ತಿಂಗಳಿನದ್ದೇ ಇತ್ತು.

ವೀಸಾ ಬಂತು, ಕೇಳಿದಷ್ಟೇ ದಿನಕ್ಕೆ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ ಆಗಿದೆ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಹಲವು ಸಲ ಹೋಗಿ ಬರಬಹುದಾದ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಸಿಗಬಹುದು. ಇದನ್ನು ಕೇಳಿದ್ದೇ ಅತ್ತೆ ಮುಂದಿನ ವರ್ಷದ ಟಿಕೆಟ್ ರೇಟು ವಿಚಾರಿಸುತ್ತಿದ್ದಾರೆ.