ಕಾಲುಸಂಕ ದಾಟಿ ಮನೆಗೆ

ಮಧ್ಯಾಹ್ನ ಮೂರೂವರೆ. ಅವರು ಆಗಲೇ ಪಂಚೆ ಉಟ್ಟು ಮಂಚದ ಅಂಚಿಗೆ ಕೂತಿದ್ದರು. "ಐದು ಗಂಟೆ ಬಸ್ಸಿಗೆ ಬಿಡ್ತೀರಿ ಅಲ್ವಾ ಸಿಸ್ಟರ್? ಅಡಕೆ ಕೊನೆ ಕೊಯ್ಲು ಅರ್ಧಕ್ಕೆ ನಿಂತಿದೆ."

ಶಿರಸಿಯ ಆಸ್ಪತ್ರೆಯೊಂದರಲ್ಲಿ ನಾನು 11 ವರ್ಷದಿಂದ ನರ್ಸ್. ಅವರು ದೇವಿಮನೆ ಘಟ್ಟದ ಕಡೆಯ ಕೊನೆಗೌಡ, ಅಂದರೆ ಅಡಕೆ ಗೊನೆ ಕೊಯ್ಯುವವರು, ವಯಸ್ಸು ಐವತ್ತರ ಹತ್ತಿರ. ಬೆಳಿಗ್ಗೆ 9ಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ ಹರ್ನಿಯಾ ಆಪರೇಷನ್ ಮಾಡಿದ್ದರು. ಹೆದರಿಕೆ ಇಳಿಯಲಿ ಅಂತ ಸ್ವಲ್ಪ ಮಂಪರಿನ ಔಷಧಿಯನ್ನೂ ಕೊಟ್ಟಿದ್ದರು.

ರಿಕವರಿ ರೂಮಿನಲ್ಲಿ ನಾವು ಅಂಕ ಹಾಕುತ್ತೇವೆ. ಅಲ್ಡ್ರೆಟ್ ಎಂಬ ವೈದ್ಯರ ಹೆಸರಿನಲ್ಲಿ 1970ರಿಂದ ಇರುವ ಲೆಕ್ಕ ಅದು. ಕೈಕಾಲು ಆಡುತ್ತದಾ, ಉಸಿರು ಹೇಗಿದೆ, ಬಿಪಿ ಎಷ್ಟು, ಎಚ್ಚರ ಇದೆಯಾ, ರಕ್ತದಲ್ಲಿ ಆಕ್ಸಿಜನ್ ಎಷ್ಟು. ಒಂದೊಂದಕ್ಕೂ 2 ಅಂಕ. ಆಕ್ಸಿಜನ್ ಸೇರಿದ್ದು 1995ರಲ್ಲಿ, ಅದಕ್ಕೂ ಮೊದಲು ಮೈಬಣ್ಣ ನೋಡುತ್ತಿದ್ದರು. ಹತ್ತರಲ್ಲಿ 9 ಬಂದರೆ ಅಲ್ಲಿಂದ ವಾರ್ಡಿಗೆ ಕಳಿಸಬಹುದು. ಇವರಿಗೆ ಪೂರ್ತಿ 10 ಬಂದಿತ್ತು. ಆದರೆ ಅದು ವಾರ್ಡಿಗೆ ಬರುವ ಅಂಕ. ಮನೆಗೆ ಹೋಗುವ ಲೆಕ್ಕವೇ ಬೇರೆ.

"ಒಂದಕ್ಕೆ ಹೋಗಿ ಬಂದ್ರಾ?" ಅಂದೆ.

"ಆಯ್ತು, ಆಯ್ತು." ಕಣ್ಣು ಗೋಡೆಯ ಕಡೆ ಇತ್ತು. ಹಿಂದೆ ನಿಂತಿದ್ದ ಹೆಂಡತಿ ಇಲ್ಲ ಅಂತ ತಲೆ ಆಡಿಸಿದರು.

ಹೊಕ್ಕುಳ ಕೆಳಗೆ ಕೈಯಿಟ್ಟು ನೋಡಿದೆ. ಒಳಗೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿ. ಎರಡು ಬಾಟಲಿ ಗ್ಲೂಕೋಸ್ ಹೋಗಿದೆ, ಆರೂವರೆ ತಾಸು ಆಗಿದೆ, ಅವರಿಗೆ ಒತ್ತಡವೇ ಗೊತ್ತಾಗುತ್ತಿಲ್ಲ. ಬೆನ್ನಿನ ಇಂಜೆಕ್ಷನ್ ಹೀಗೇ. ಕಾಲು ಮೊದಲು ಎಚ್ಚರಾಗುತ್ತದೆ, ಮೂತ್ರಚೀಲ ತಡವಾಗಿ. ಎದ್ದು ನಡೆದರೆ ಎಲ್ಲ ಸರಿಯಾಯಿತು ಅಂತ ಕಾಣುತ್ತದೆ. ನನ್ನ ಮೊದಲ ವರ್ಷ ಹೀಗೆ ನಡೆದಾಡುತ್ತಿದ್ದ ಒಬ್ಬರನ್ನು ಕೇಳದೆ ಕಳಿಸಿದ್ದೆ. ರಾತ್ರಿ ಎರಡಕ್ಕೆ ಜೀಪಿನಲ್ಲಿ ಅಳುತ್ತಾ ವಾಪಸ್ ಬಂದರು. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ನಲ್ಲಿ ಬಿಟ್ಟು ನಿಲ್ಲಿಸಿ ನೋಡಿದೆವು, ಆಗಲಿಲ್ಲ. ಡಾಕ್ಟರಿಗೆ ಹೇಳಿ ನಳಿಗೆ ಹಾಕಿ ತೆಗೆದಾಗ 700 ಮಿ.ಲೀ. ಬಂತು. ಅವರು ಉಸ್ಸಪ್ಪ ಅಂದರು.

"ರಸ್ತೆಯಿಂದ ಮನೆಗೆ ಎಷ್ಟು ದೂರ?" ಅಂತ ಹೆಂಡತಿಯನ್ನು ಕೇಳಿದೆ.

"ಒಂದು ಮೈಲು ಆಗ್ತದೆ. ಹಳ್ಳ ಇದೆ, ಕಾಲುಸಂಕ ದಾಟಬೇಕು. ಫೋನ್ ಸಿಗೂದು ಗುಡ್ಡ ಹತ್ತಿದ್ರೆ ಮಾತ್ರ."

ಎರಡು ಅಡಕೆ ಮರ ಜೋಡಿಸಿದ ಸಂಕ. ಕತ್ತಲಾಗುವ ಹೊತ್ತು. ನಿಂತಾಗ ಬಿಪಿ ಇನ್ನೂ ಸ್ವಲ್ಪ ಇಳಿಯುತ್ತಿರುವ ಮನುಷ್ಯ. ಇವೆಲ್ಲ ಕೇಸ್ ಶೀಟಿನಲ್ಲಿ ಎಲ್ಲಿ ಬರೆದಿರುತ್ತದೆ? ನಾನು ಹೇಳಿದ ತಕ್ಷಣ ಡಾಕ್ಟರ್, ಇವತ್ತು ಬೇಡ, ನಾಳೆ ಕಳಿಸೋಣ ಅಂದರು. ಕೊನೆಗೌಡರಿಗೆ ಸಿಟ್ಟು ಬಂತು. ಬರಲಿ.

ಮರುದಿನ ಬೆಳಿಗ್ಗೆ ತಾವಾಗಿಯೇ ಹೋಗಿ ಬಂದರು, ಎರಡು ಸಲ. ಇಡ್ಲಿ ತಿಂದರು, ವಾಂತಿ ಇಲ್ಲ. ನಿನ್ನೆ ರಿಕವರಿಯಲ್ಲಿ ನಾನು ಹೇಳಿದ್ದು ನೆನಪಿದೆಯಾ ಅಂತ ಕೇಳಿದೆ. ಒಂದು ಮಾತೂ ಇರಲಿಲ್ಲ. ಎಲ್ಲದಕ್ಕೂ ಹೂಂ ಅಂದಿದ್ದರು, ಆದರೆ ಆ ಮಂಪರಿನ ಔಷಧಿ ನೆನಪನ್ನು ಕೂರಲು ಬಿಡುವುದಿಲ್ಲ. ಅದಕ್ಕೇ ನಾನು ಜೊತೆಗೆ ಬಂದವರನ್ನು ಕೂರಿಸಿಕೊಂಡೇ ಮತ್ತೊಮ್ಮೆ ಹೇಳುತ್ತೇನೆ. ಅರಿವಳಿಕೆ ಆಗಿ 24 ತಾಸು ಬೈಕ್ ಬೇಡ, ಕುಡಿಯುವುದು ಬೇಡ, ಸೊಸೈಟಿ ಕಾಗದಕ್ಕೆ ಸಹಿ ಬೇಡ. ಎದ್ದು ಕೂತರೆ ಜಾಸ್ತಿಯಾಗಿ, ಮಲಗಿದರೆ ಕಡಿಮೆಯಾಗುವ ತಲೆನೋವು ಬಂದರೆ ಅದು ಬೆನ್ನಿನ ಇಂಜೆಕ್ಷನ್ನಿನದ್ದು ಇರಬಹುದು, ಗುಡ್ಡ ಹತ್ತಿ ಫೋನ್ ಮಾಡಿ. ಜ್ವರ, ಗಾಯದಿಂದ ರಕ್ತ, ಮತ್ತೆ ಮೂತ್ರ ಕಟ್ಟಿದರೆ ಕಾಯಬೇಡಿ, ಬನ್ನಿ.

"ಭಾರ ಎತ್ತಬೇಡಿ. ಮರ ಹತ್ತಬೇಡಿ."

"ಮರ ಯಾರು ಹತ್ತತಾರೆ ಸಿಸ್ಟರ್ ಈಗ? ಫೈಬರ್ ದೋಟಿ ತಗೊಂಡಿದ್ದೇನೆ. ನೆಲದ ಮೇಲೆ ನಿಂತೇ ಕೊಯ್ಯೂದು. ಹಗುರ."

ನನಗೆ ಎದೆ ಧಸಕ್ ಅಂತು. ಅಡಕೆ ಮರದಷ್ಟು ಎತ್ತರದ ದೋಟಿ ಹಿಡಿದು, ಕತ್ತು ಮೇಲೆತ್ತಿ, ಹೊಟ್ಟೆ ಬಿಗಿಹಿಡಿದು ಕೊನೆ ಎಳೆಯುವುದು. ಹೊಲಿಗೆಯ ಮೇಲೆ ಅದರ ಭಾರ ಎಷ್ಟು ಬೀಳುತ್ತದೆ! ಅವರ ಕೈಯನ್ನು ಅವರದೇ ಹೊಟ್ಟೆಯ ಎಡಗಡೆ ಇಡಿಸಿ, ದೋಟಿ ಎಳೆದ ಹಾಗೆ ಮಾಡಿ ನೋಡಿ, ಮೆಲ್ಲಗೆ ಅಂದೆ. ಮಾಡಿದರು. ನೋವಾಗಿ ನಿಂತರು. ಆ ಬಿಗಿತ ಕೈಗೆ ಸಿಕ್ಕಿತ್ತು.

"ಹಂಗಾರೆ ಇದೂ ಭಾರವೇ," ಅಂದರು.

ಆಮೇಲೆ ಹೆಂಡತಿಗೆ, ಈಗ ನೀವು ನನಗೆ ಹೇಳಿ ಅಂದೆ. ಆಕೆ ಬೆರಳು ಮಡಚುತ್ತಾ ಒಂದೊಂದೇ ಹೇಳಿದರು. ನಾನು ಹೇಳಿರದ ಒಂದನ್ನೂ ಸೇರಿಸಿದರು: ಬಾವಿಯಿಂದ ನೀರು ಸೇದೂದೂ ಇಲ್ಲ.

ಮೂರನೇ ದಿನ ಸಂಜೆ ಫೋನ್ ಬಂತು. ಗಾಳಿಯ ಸದ್ದು, ಗುಡ್ಡದ ಮೇಲಿಂದಲೇ ಇರಬೇಕು. ತಲೆನೋವು ಇಲ್ಲ, ಜ್ವರ ಇಲ್ಲ, ಊಟ ಸೇರುತ್ತಿದೆ ಅಂದರು ಆಕೆ. "ಮತ್ತೆ ಸಿಸ್ಟರ್, ದೋಟೀನ ನಮ್ಮ ಭಾವನ ಮನೆಗೆ ಕಳಿಸಿಬಿಟ್ಟೆ. ಮನೇಲಿದ್ರೆ ಇವರು ಸುಮ್ನೆ ಕೂರೂದಿಲ್ಲ."